ಆರ್ದ್ರತೆ 88 ಅಂದರೆ ಆರಿದ್ದಲ್ಲ ಮಾರಾಯ್ರೇ

ಕಾರ್ಕಳದವರು ಹಾಕಿದ ಫೋಟೋ ನೋಡಿದೆ. ಗೋಡೌನಿನ ಮೀಟರ್ 88 ತೋರಿಸ್ತಾ ಉಂಟು, "ಆರ್ದ್ರತೆ 88, ಅಂದರೆ ಅಷ್ಟು ಆರಿದೆ, ಚಾಲಿ (ಬಿಸಿಲಲ್ಲಿ ಒಣಗಿಸಿ ಸುಲಿದ ಅಡಿಕೆ) ಗೋಣಿಗೆ ತುಂಬಬಹುದಲ್ಲ" ಅಂತ ಕೇಳಿದ್ದೀರಿ. ತುಂಬಬೇಡಿ! ಈ ಶಬ್ದಕ್ಕೆ ನಾನೂ ಒಮ್ಮೆ ಮೋಸ ಹೋದವನೇ. ಆರುವುದು ಕನ್ನಡದ್ದು. ಆರ್ದ್ರ ಸಂಸ್ಕೃತದ್ದು, ಅರ್ಥ ಒದ್ದೆ, ನಮ್ಮ ಬಾಯಲ್ಲಿ ಚಂಡಿ. ಪೂರ್ತಿ ಉಲ್ಟಾ. ಜೂನ್ 21-22ರ ಸುಮಾರಿಗೆ ಹಿಡಿಯುವ ಆರಿದ್ರಾ ಮಳೆಗೂ ಅದೇ ಆರ್ದ್ರಾ ನಕ್ಷತ್ರದ ಹೆಸರು. ಆ ಮಳೆಯಲ್ಲಿ ಏನಾದರೂ ಆರಿದ್ದುಂಟಾ? ಹಸಿ ಶುಂಠಿಗೆ ಸಂಸ್ಕೃತದಲ್ಲಿ ಆರ್ದ್ರಕ ಅಂತಾರೆ. ಹಿಂದಿಯ ಅದರಕ್ ಬಂದದ್ದು ಅಲ್ಲಿಂದಲೇ.

ಆ ಫೋಟೋದ ಕೆಳಗೆ ಇಬ್ಬರು ಬರೆದ ಹಾಗೆ ಆ 88 ಅಡಿಕೆಯ ತೇವಾಂಶವೂ ಅಲ್ಲ. ಗಾಳಿಯ ಲೆಕ್ಕ ಅದು. ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ನೂರಕ್ಕೆ ಎಷ್ಟು ಉಂಟು ಅಂತ. ಬೆಳಿಗ್ಗೆ 25 ಡಿಗ್ರಿಯಲ್ಲಿ 95 ಇದ್ದ ಗಾಳಿ, ಹನಿ ನೀರೂ ಕಳಕೊಳ್ಳದೆ, ಮಧ್ಯಾಹ್ನ 32ಕ್ಕೆ ಬಿಸಿಯಾದರೆ 65ರ ಹತ್ತಿರ ಇಳೀತದೆ. ಡಿಗ್ರಿ ಬರೆಯದೆ ಬರೀ ಶೇಕಡಾ ಹಾಕಿ ಸಲಹೆ ಕೇಳಬೇಡಿ.

ಮೊದಲು ಮೀಟರ್ ಪರೀಕ್ಷೆ ಮಾಡಿ. ಬಾಟ್ಲಿ ಮುಚ್ಚಳದಲ್ಲಿ ಉಪ್ಪು, ಅದಕ್ಕೆ ಕೆಲವೇ ಹನಿ ನೀರು. ಒದ್ದೆ ಹೊಯ್ಗೆಯ (ಮರಳಿನ) ಹಾಗಿರಬೇಕು, ಪೂರ್ತಿ ಕರಗಿದರೆ ಕೆಟ್ಟಿತು. ಗಾಳಿಯಾಡದ ಡಬ್ಬದಲ್ಲಿ ಮೀಟರ್ ಜೊತೆ, ಉಪ್ಪು ತಾಗದ ಹಾಗೆ, 12 ಗಂಟೆ ನೆರಳಲ್ಲಿಡಿ. 75 ತೋರಿಸಬೇಕು. 80 ತೋರಿಸಿದರೆ 5 ಕಳೆಯಿರಿ, ಮೀಟರ್ ಬೆನ್ನಿಗೆ ಚೀಟಿ ಅಂಟಿಸಿ. 30, 40ರಲ್ಲಿ ತಪ್ಪು ಬೇರೆ ಇದ್ದೀತು, ನಮ್ಮ ಕೆಲಸಕ್ಕೆ ಅದು ಬೇಡ. ಟಾಟಾ ಪುಡಿ ಉಪ್ಪು ನಡೀತದೆ, ನನ್ನ ಮಟ್ಟಿಗೆ ಕಲ್ಲುಪ್ಪೇ ಲಾಯ್ಕ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದೂ ಗಾಳಿ ಈ 75 ದಾಟಿದಾಗಲೇ. ಮೀಟರ್ ಎಚ್‌ಟಿಸಿ-1 ಅನ್ನುವ ಅಗ್ಗದ ಮಾದರಿಯೇ ಸಾಕು, ದುಬಾರಿಯದ್ದು ತಗೊಂಡು ಈ ಉಪ್ಪಿನ ಪರೀಕ್ಷೆ ಮಾಡದಿದ್ದರೆ ಅದೂ ದಂಡ.

ಈಗ ಅಡಿಕೆ. ಬಿಗಿ ಮುಚ್ಚಿದ ಭರಣಿಯ ಗಾಳಿ ಒಳಗಿನ ಅಡಿಕೆಯ ತೇವಕ್ಕೆ ತಕ್ಕ ಹಾಗೆ ನಿಲ್ತದೆ, ಅದನ್ನೇ ಅಳೆಯುವುದು. ಐದಾರು ಸುಲಿದ ಅಡಿಕೆ ಕತ್ತರಿಸಿ (ಇಡೀದು ಹಾಕಿದರೆ ಒಳಗಿನ ಪಸೆ ಹೊರಬರಲು ದಿನಗಟ್ಟಲೆ ಬೇಕು), ಮೀಟರ್ ಹಿಡಿಯುವಷ್ಟೇ ಸಣ್ಣ ಭರಣಿಯ ಮುಕ್ಕಾಲು ತುಂಬಿ. ಐದಾರು ಸಾಲದಿದ್ದರೆ ಇನ್ನಷ್ಟು ಕತ್ತರಿಸಿ, ಜಿಪುಣತನ ಬೇಡ. ಮೇಲೆ ಮೀಟರ್ ಇಟ್ಟು ಬಿಗಿ ಮುಚ್ಚಿ 24 ಗಂಟೆ ಬಿಡಿ. ಮೀಟರ್ 65ರ ಕೆಳಗಿದ್ದರೆ ಗೋಣಿಗೆ ತುಂಬಿ. 70 ದಾಟಿದರೆ ಬೂಷ್ಟು ಬರುವುದೇ, ಮತ್ತೆ ಅಂಗಳಕ್ಕೆ ಹಾಕಿ. ಮಧ್ಯದ್ದಾದರೂ ಇನ್ನೆರಡು ಬಿಸಿಲು ಕೊಡಿ. ಕೊಬ್ಬರಿಗೂ ಕಾಳುಮೆಣಸಿಗೂ ಇದೇ ಭರಣಿ ಆಗ್ತದೆ.

ಗೋಣಿ ನೆಲಕ್ಕೆ, ಗೋಡೆಗೆ ತಾಗದೆ ಹಲಗೆ ಮೇಲಿರಲಿ. ಆಟಿಯಲ್ಲಿ (ಜೋರು ಮಳೆಯ ತುಳು ತಿಂಗಳು) ಒಂದು ಬಿಸಿಲು ಬಿತ್ತೆಂದು ಗೋಡೌನ್ ಬಾಗಿಲು ತೆರೆದಿಡಬೇಡಿ: ಹೊರಗೆ 31 ಡಿಗ್ರಿಯಲ್ಲಿ 70 ಇದ್ದ ಗಾಳಿ ಒಳಗಿನ 26ರ ತಂಪಿಗೆ ಬಂದರೆ 90 ದಾಟ್ತದೆ.