ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಮಲ್ಟಿಮೀಡಿಯಾ ರೀಡೈರೆಕ್ಷನ್ ತೆರೆಯುವುದು ಅಪಾಯವೇ?

ಕಚೇರಿಯ ಹೊರೈಜನ್ ಡೆಸ್ಕ್‌ಟಾಪ್‌ಗಳಲ್ಲಿ (ಸರ್ವರ್‌ನಲ್ಲಿ ಓಡಿ, ಪರದೆ ಮಾತ್ರ ನೌಕರನ ಯಂತ್ರದಲ್ಲಿ ಮೂಡುವ ಡೆಸ್ಕ್‌ಟಾಪ್‌ಗಳು) ತರಬೇತಿ ವಿಡಿಯೊಗಳು ತಡವರಿಸುತ್ತಿವೆ, ಮಲ್ಟಿಮೀಡಿಯಾ ರೀಡೈರೆಕ್ಷನ್ ನೀತಿ ‘ಡಿನೈ’ (ನಿರಾಕರಣೆ) ಎಂದಿದೆ, ಅದನ್ನು ‘ಅಲೋ’ (ಅನುಮತಿ) ಮಾಡಲು ಭದ್ರತಾ ತಂಡ ಬಿಡುತ್ತಿಲ್ಲ ಎಂದು ಬರೆದಿದ್ದೀರಿ. ಇದೇ ಜಗಳವನ್ನು ನಾನೂ ಹಲವು ಬಾರಿ ಆಡಿದ್ದೇನೆ. ಅವರ ಅಂಜಿಕೆಗೆ ಕಾರಣವಿದೆ. ಹಾಗೆಂದು ನಿಮ್ಮ ಬೇಡಿಕೆಯೂ ತಪ್ಪಲ್ಲ, ದಾರಿ ಇದೆ.

ರೀಡೈರೆಕ್ಷನ್ ಇಲ್ಲದಿದ್ದಾಗ ಸರ್ವರ್ ವಿಡಿಯೊದ ಒಂದೊಂದು ಚಿತ್ರವನ್ನೂ ಬಿಡಿಸಿ, ಪರದೆಯ ಚಿತ್ರವಾಗಿ ಮತ್ತೆ ಕಟ್ಟಿ ಕಳುಹಿಸಬೇಕು. ಒಂದೇ ಸರ್ವರ್‌ನ ಮೇಲೆ ಮೂವತ್ತು ನಲವತ್ತು ಜನ ಒಟ್ಟಿಗೆ ತರಬೇತಿ ನೋಡಲು ಕುಳಿತರೆ ಪ್ರೊಸೆಸರ್ ಉಸಿರುಗಟ್ಟುತ್ತದೆ. ರೀಡೈರೆಕ್ಷನ್ ಇದ್ದರೆ ಬಿಡಿಸುವ ಕೆಲಸ ನೌಕರನ ಎದುರಿನ ಯಂತ್ರಕ್ಕೆ, ಅಂದರೆ ಕ್ಲೈಂಟ್‌ಗೆ, ಹೋಗುತ್ತದೆ. ಆದರೆ ಈ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ವ್ಯವಸ್ಥೆಗಳಿವೆ, ಅವುಗಳ ಅಪಾಯವೂ ಬೇರೆ ಬೇರೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಹಳೆಯದು ವಿಂಡೋಸ್ ಮೀಡಿಯಾ ರೀಡೈರೆಕ್ಷನ್. ನೀವು ಹೇಳಿದ ‘ಡಿನೈ’ ಇದರದ್ದು. ಇಲ್ಲಿ ಡೆಸ್ಕ್‌ಟಾಪ್ ವಿಡಿಯೊದ ದತ್ತಾಂಶವನ್ನು ಟಿಸಿಪಿ 9427ನೇ ಪೋರ್ಟ್ ಮೂಲಕ ಕ್ಲೈಂಟ್‌ಗೆ ಕೊಡುತ್ತದೆ. ಈ ದತ್ತಾಂಶವನ್ನು ಅಪ್ಲಿಕೇಷನ್ ತಾನಾಗಿ ಎನ್‌ಕ್ರಿಪ್ಟ್ ಮಾಡುವುದಿಲ್ಲ (ಗೂಢಲಿಪಿಗೆ ತಿರುಗಿಸುವುದಿಲ್ಲ). ತಯಾರಕರ ಕೈಪಿಡಿಯೇ ಇದನ್ನು ಹೇಳಿ, ಸುರಕ್ಷಿತ ಜಾಲದಲ್ಲಿ ಮಾತ್ರ ಬಳಸಿ ಎನ್ನುತ್ತದೆ. ಸೆಕ್ಯೂರ್ ಟನಲ್ (ಎನ್‌ಕ್ರಿಪ್ಟ್ ಆದ ದಾರಿ) ಹಾಕಿದ್ದೇವಲ್ಲ ಎಂದು ಹೆಚ್ಚಿನವರು ನಿಶ್ಚಿಂತರಾಗುವುದು ಇಲ್ಲಿಯೇ. ಟನಲ್ ಕಾಯುವುದು ಕ್ಲೈಂಟ್‌ನಿಂದ ಗೇಟ್‌ವೇವರೆಗೆ (ನಡುವೆ ನಿಂತು ಸಂಪರ್ಕ ದಾಟಿಸುವ ಸರ್ವರ್‌ವರೆಗೆ) ಮಾತ್ರ. ಗೇಟ್‌ವೇಯಿಂದ ಡೆಸ್ಕ್‌ಟಾಪ್‌ವರೆಗಿನ ತುಂಡು ಬರಿಮೈಯಲ್ಲಿಯೇ ಇರುತ್ತದೆ. ಟನಲ್ ಇಲ್ಲದೆ ಕಚೇರಿಯೊಳಗಿನ ಯಂತ್ರಗಳು ನೇರವಾಗಿ ಡೆಸ್ಕ್‌ಟಾಪ್‌ಗೆ ಸೇರುತ್ತಿದ್ದರೆ ಇಡೀ ದಾರಿಯೇ ಹಾಗೆ.

ಆದ್ದರಿಂದ ನಾನು ಎಲ್ಲರಿಗೂ ಅನ್ವಯಿಸುವ ಗ್ಲೋಬಲ್ ನೀತಿಯನ್ನು ‘ಡಿನೈ’ ಆಗಿಯೇ ಬಿಟ್ಟು, ತರಬೇತಿಗೆ ಮೀಸಲಾದ ಪೂಲ್‌ಗೆ (ಡೆಸ್ಕ್‌ಟಾಪ್‌ಗಳ ಗುಂಪಿಗೆ) ಮಾತ್ರ ‘ಅಲೋ’ ಕೊಡುತ್ತೇನೆ. ಪೂಲ್‌ನ ನೀತಿ ಗ್ಲೋಬಲ್ ನೀತಿಯನ್ನು ಮೀರುತ್ತದೆ, ಬಳಕೆದಾರರ ಮಟ್ಟದ ನೀತಿ ಪೂಲ್‌ನದನ್ನು ಮೀರುತ್ತದೆ. ಬಳಕೆದಾರರಿಗೆ ಬಿಡಿಬಿಡಿಯಾಗಿ ವಿನಾಯಿತಿ ಕೊಡಬೇಡಿ. ಎರಡು ವರ್ಷ ಕಳೆದ ಮೇಲೆ ಯಾರಿಗೆ, ಏಕೆ ಕೊಟ್ಟೆವು ಎಂಬುದು ಯಾರಿಗೂ ನೆನಪಿರುವುದಿಲ್ಲ. ಆ ಪೂಲ್‌ನ ಡೆಸ್ಕ್‌ಟಾಪ್‌ಗಳನ್ನು ಪ್ರತ್ಯೇಕ ವಿಎಲ್ಯಾನ್‌ನಲ್ಲಿ (ಜಾಲದ ಬೇರ್ಪಡಿಸಿದ ಭಾಗದಲ್ಲಿ) ಇರಿಸಿ, ಫೈರ್‌ವಾಲ್‌ನಲ್ಲಿ 9427 ಅನ್ನು ಗೇಟ್‌ವೇಯಿಂದ ಆ ವಿಎಲ್ಯಾನ್‌ಗೆ ಮಾತ್ರ ತೆರೆಯಿರಿ. ಕಚೇರಿಯೊಳಗಿನವರೂ ಟನಲ್ ಮೂಲಕವೇ ಬರಲಿ. ವೇತನ, ವೈದ್ಯಕೀಯ ಕಡತ, ವಿಚಾರಣೆಯ ಧ್ವನಿಮುದ್ರಣ ಇಂಥವನ್ನು ನೋಡುವ ಪೂಲ್‌ಗೆ ಯಾರು ಕೇಳಿದರೂ ಕೊಡಬೇಡಿ. ಅಲ್ಲಿ ವಿಡಿಯೊ ತಡವರಿಸಿದರೆ ತಡವರಿಸಲಿ.

ಎರಡನೆಯದು ಬ್ರೌಸರ್‌ನ ಎಚ್‌ಟಿಎಂಎಲ್5 ರೀಡೈರೆಕ್ಷನ್. ನನಗೆ ಹೆಚ್ಚು ಭಯ ಇದರದ್ದೇ. ಇಲ್ಲಿ ಬ್ರೌಸರ್ ವಿಸ್ತರಣೆ ವಿಡಿಯೊದ ವಿಳಾಸವನ್ನಷ್ಟೇ ಕ್ಲೈಂಟ್‌ಗೆ ಕಳುಹಿಸುತ್ತದೆ, ವಿಡಿಯೊವನ್ನು ಕ್ಲೈಂಟ್ ತನ್ನದೇ ಇಂಟರ್‌ನೆಟ್‌ನಿಂದ ತರಿಸಿಕೊಳ್ಳುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಆತುರದಲ್ಲಿ ಎಲ್ಲ ತಾಣಗಳಿಗೂ ಅನುಮತಿ ಕೊಟ್ಟಿದ್ದೆವು. ಕೆಲವು ವಾರಗಳ ನಂತರ ಕಚೇರಿಯ ಇಂಟರ್‌ನೆಟ್ ಸಂಚಾರ ಹಾದುಹೋಗುವ ಪ್ರಾಕ್ಸಿಯ ಲಾಗ್ ನೋಡುವಾಗ ಪುಟ ತೆರೆದ ಗುರುತುಗಳಿದ್ದವು, ವಿಡಿಯೊ ಇಳಿದ ಗುರುತೇ ಇರಲಿಲ್ಲ. ನೌಕರರ ಮನೆಯ ಯಂತ್ರಗಳು ನಮ್ಮ ಪ್ರಾಕ್ಸಿಯ ಕಣ್ಣಿಗೆ ಬೀಳದೆ ಎಲ್ಲವನ್ನೂ ತರಿಸುತ್ತಿದ್ದವು. ಯಾರೂ ಕೆಟ್ಟದ್ದನ್ನು ಮಾಡಿರಲಿಲ್ಲ. ಮಾಡಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ. ವಿಳಾಸದೊಳಗೆ ತಾತ್ಕಾಲಿಕ ಟೋಕನ್ (ಪ್ರವೇಶದ ಗುರುತು) ಇರುವ ತಾಣಗಳಲ್ಲಿ ಆ ಟೋಕನ್ ಕೂಡ ಮನೆಯ ಯಂತ್ರಕ್ಕೆ ಹೋಗುತ್ತದೆ. ವಿಡಿಯೊ ಮೂಡುವುದು ಕ್ಲೈಂಟ್‌ನ ಪರದೆಯ ಮೇಲಾದ್ದರಿಂದ, ಸರ್ವರ್ ಕಡೆಯ ಪರದೆ ರೆಕಾರ್ಡಿಂಗ್‌ನಲ್ಲಿ ಆ ಜಾಗ ಖಾಲಿ.

ವಿಂಡೋಸ್‌ನ ಗ್ರೂಪ್ ಪಾಲಿಸಿಯಲ್ಲಿ (ಹಲವು ಯಂತ್ರಗಳಿಗೆ ಒಟ್ಟಿಗೆ ನಿಯಮ ಹಾಕುವ ಸೌಲಭ್ಯದಲ್ಲಿ) ಇದಕ್ಕೆ ಯುಆರ್‌ಎಲ್ ಪಟ್ಟಿ ಇದೆ. ಅದರಲ್ಲಿ ನಿಮ್ಮ ತರಬೇತಿ ತಾಣದ ಪೂರ್ಣ ವಿಳಾಸವನ್ನು ಮಾತ್ರ ಬರೆಯಿರಿ, ನಕ್ಷತ್ರ ಚಿಹ್ನೆ ಏನಿದ್ದರೂ ತಾಣದ ಹೆಸರು ಮುಗಿದ ಮೇಲೆ ಬರಲಿ. ವಿಸ್ತರಣೆಯನ್ನು ನೌಕರರು ಹಾಕಿಕೊಳ್ಳಲಿ ಎಂದು ಬಿಡದೆ ನೀತಿಯ ಮೂಲಕ ನೀವೇ ಅಳವಡಿಸಿ. ತಾಣ ಕಚೇರಿಯ ಒಳಜಾಲದಲ್ಲಿ ಮಾತ್ರ ಸಿಗುವುದಾದರೆ ಮನೆಯ ಯಂತ್ರ ಅದನ್ನು ತಲುಪಲಾರದು; ಅಂಥದ್ದನ್ನು ಪಟ್ಟಿಗೆ ಸೇರಿಸಿ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಹೊರಗಿನಿಂದ ಬಂದ ವಿಡಿಯೊವನ್ನು ಈಗ ಬಿಡಿಸುವುದು ಕ್ಲೈಂಟ್. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಥಿನ್ ಕ್ಲೈಂಟ್‌ಗಳಿದ್ದರೆ (ವರ್ಚುವಲ್ ಡೆಸ್ಕ್‌ಟಾಪ್ ತೋರಿಸಲೆಂದೇ ಇರುವ ಸಣ್ಣ ಯಂತ್ರಗಳು) ಮೊದಲು ಅವುಗಳನ್ನು ಸರಿಪಡಿಸಿ. ಅವುಗಳಿಗೆ ಶಕ್ತಿಯೇ ಸಾಲದಿದ್ದರೆ ‘ಡಿನೈ’ ಆಗಿಯೇ ಇರಲಿ.

ತೆರೆದ ದಿನವೇ ಒಬ್ಬ ಪರೀಕ್ಷಾ ಬಳಕೆದಾರನಿಂದ ವಿಡಿಯೊ ಓಡಿಸಿ, ಕ್ಲೈಂಟ್ ಬಳಿ ಒಮ್ಮೆ, ಗೇಟ್‌ವೇ ಹಿಂದೆ ಒಮ್ಮೆ ವೈರ್‌ಶಾರ್ಕ್ (ಜಾಲದಲ್ಲಿ ಹರಿಯುವ ದತ್ತಾಂಶವನ್ನು ಹಿಡಿದು ತೋರಿಸುವ ಸಾಧನ) ಹಾಕಿ ನೋಡಿ. ಕ್ಲೈಂಟ್ ಬಳಿ 9427 ಕಾಣಿಸಿದರೆ ಟನಲ್ ಕೆಲಸ ಮಾಡುತ್ತಿಲ್ಲ ಎಂದರ್ಥ. ಆ ಎರಡೂ ಕ್ಯಾಪ್ಚರ್‌ಗಳನ್ನು ಭದ್ರತಾ ತಂಡದ ಮೇಜಿನ ಮೇಲಿಟ್ಟು ಮಾತು ಶುರು ಮಾಡಿ.