ಟಾನಿಕ್ ಆಮೇಲೆ, ಮೊದಲು ಮೇವಿನ ಡಬ್ಬ ಮೂಸಿ ನೋಡಿ

ಅಣ್ಣ, ನೀವು ಬರೆದದ್ದನ್ನು ಎರಡು ಸಲ ಓದಿದೆ. 12 ವರ್ಷದ ಕೋಯಿ ಮೀನು, ಬಣ್ಣ ಮಾಸಿದೆ, ಬೆನ್ನು ಸಣ್ಣಗಾಗಿದೆ, ಒಂದೇ ಮೂಲೆಯಲ್ಲಿ ನಿಲ್ಲುತ್ತದೆ. ವಯಸ್ಸಾಯ್ತು ಅಂತ ಅಂಗಡಿಯವರು ಆಂಟಿಆಕ್ಸಿಡೆಂಟ್ (ಆಮ್ಲಜನಕದಿಂದ ಮೈ ಕೆಡುವುದನ್ನು ತಡೆಯುವ) ಟಾನಿಕ್ ಕೊಟ್ಟಿದ್ದಾರೆ, ನೀರಿಗೆ ಹಾಕಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಹಾಕಬೇಡಿ. ಚೆನ್ನಾಗಿ ನೋಡಿಕೊಂಡ ಕೋಯಿ 25-30 ವರ್ಷ ಬದುಕುತ್ತದೆ. 12 ಅಂದರೆ ನಡುವಯಸ್ಸು ಅಷ್ಟೆ.

ನನ್ನ ಕಣ್ಣು ನಿಂತದ್ದು ನಿಮ್ಮ ಇನ್ನೊಂದು ಮಾತಿನ ಮೇಲೆ. ಶಿಡ್ಲಘಟ್ಟದಿಂದ ಒಣಗಿದ ರೇಷ್ಮೆ ಪ್ಯೂಪಾ (ಗೂಡಿನೊಳಗಿನ ಹುಳು) ಮೂಟೆ ತಂದು ವರ್ಷದಿಂದ ಅದನ್ನೇ ಹಾಕುತ್ತಿದ್ದೀರಿ, ಅಲ್ವಾ? ಪ್ಯೂಪಾ ಒಳ್ಳೆಯ ಮೇವೇ. ಆದರೆ ಒಣಗಿದ ಪ್ಯೂಪಾದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೊಬ್ಬು ಇರುತ್ತದೆ. ಬಿಸಿಲು, ಗಾಳಿ ತಾಗಿದರೆ ಅದು ಬೇಗ ಕಮಟಾಗುತ್ತದೆ.

ಆ ಮೇವಿನಲ್ಲಿ ನಡೆಯುವುದೇ ಮೀನಿನ ಮೈಯೊಳಗೂ ನಡೆಯುತ್ತದೆ. ಉಸಿರಾಡಿದ ಆಮ್ಲಜನಕದಲ್ಲಿ ಒಂದಿಷ್ಟು ಜೀವಕೋಶದೊಳಗೆ ಕೆರಳಿ ಕೊಬ್ಬಿಗೆ ಅಂಟಿಕೊಳ್ಳುತ್ತದೆ. ಕೆಟ್ಟ ಒಂದು ಕಣ ಪಕ್ಕದ್ದನ್ನೂ ಕೆಡಿಸುತ್ತಾ ಹೋಗುತ್ತದೆ. ಮೀನಿನ ಮೈಯಲ್ಲಿ ಒಮೆಗಾ-3 ಕೊಬ್ಬು ಜಾಸ್ತಿ, ಅದು ಇನ್ನೂ ಬೇಗ ಕೆಡುವಂಥದ್ದು. ತಡೆಯಲು ಮೀನಿನ ಬಳಿ ಕ್ಯಾಟಲೇಸ್‌ನಂಥ ಕಿಣ್ವಗಳಿವೆ, ಅವನ್ನು ಅದೇ ತಯಾರಿಸಿಕೊಳ್ಳುತ್ತದೆ. ಆದರೆ ವಿಟಮಿನ್ ಇ ಮತ್ತು ಸಿ ಮೇವಿನಿಂದಲೇ ಬರಬೇಕು. ವಯಸ್ಸಾದ ಹಾಗೆ ಕೆಟ್ಟದ್ದು ಒಳಗೇ ಉಳಿಯುತ್ತಾ ಬರುತ್ತದೆ. ಆಫ್ರಿಕಾದ ಮಳೆಗುಂಡಿಗಳಲ್ಲಿ ಕೆಲವೇ ತಿಂಗಳು ಬದುಕುವ ಕಿಲ್ಲಿಫಿಶ್‌ನಲ್ಲೂ ವಯಸ್ಸಿನ ಜೊತೆ ಲಿಪೋಫಸಿನ್ ಅನ್ನುವ ಕಂದು ಕಸ ಸೇರಿಕೊಳ್ಳುತ್ತದೆ. ಅಂಥ ವಯಸ್ಸಿನ ಕಡೆ ಹೊರಟ ಮೀನಿಗೆ ಕಮಟು ಮೇವು ಹಾಕಿದರೆ, ಇರುವ ವಿಟಮಿನ್ ಇ ಎಲ್ಲ ಅದಕ್ಕೇ ಖರ್ಚಾಗುತ್ತದೆ.

ಇದು ಜಪಾನಿನಲ್ಲಿ ಆಗಿಹೋದ ಕಥೆ. ಅಲ್ಲಿಯೂ ಕಾರ್ಪ್‌ಗೆ, ಅಂದರೆ ಕೋಯಿಯ ಜಾತಿಯದೇ ಮೀನಿಗೆ, ಪ್ಯೂಪಾ ಹಾಕುತ್ತಿದ್ದರು. ಕಮಟಾದ ಪ್ಯೂಪಾ ತಿಂದ ಮೀನುಗಳ ಬೆನ್ನಿನ ಮಾಂಸ ಕರಗಿಹೋಯಿತು. ರೋಗಕ್ಕೆ ಸೆಕೊಕೆ ಅಂತ ಹೆಸರು, ಬೆನ್ನು ಬಡವಾಗುವುದು ಅಂತ ಅರ್ಥ. ಅದೇ ಮೇವಿಗೆ ವಿಟಮಿನ್ ಇ ಬೆರೆಸಿದಾಗ ರೋಗ ಬರಲಿಲ್ಲ ಅಂತ 1960ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ತೋರಿಸಿದರು.

ನನ್ನ ತೊಟ್ಟಿಯಲ್ಲೂ ಇದನ್ನು ಕಂಡಿದ್ದೇನೆ. ಮೇಲಿನಿಂದ ನೋಡಿದರೆ ತಲೆ ಮಾತ್ರ ದೊಡ್ಡದು, ಬೆನ್ನುಮೂಳೆಯ ಎರಡೂ ಕಡೆ ಹಳ್ಳ. ಒಂದು ಹಿಡಿ ಪ್ಯೂಪಾ ಅಂಗೈಯಲ್ಲಿ ಉಜ್ಜಿದೆ. ಹಳೇ ಪೇಂಟ್ ಡಬ್ಬದ ವಾಸನೆ, ಕೈ ತೊಳೆದರೂ ಹೋಗಲಿಲ್ಲ. ಅಷ್ಟನ್ನೂ ಗುಂಡಿಗೆ ಹಾಕಿದೆ. ಮೇವು ಬದಲಿಸಿದ ಮೇಲೆ ಎರಡು ಮೀನು ಮೂರು ತಿಂಗಳಲ್ಲಿ ತುಂಬಿಕೊಂಡವು. ಒಂದು ಉಳಿಯಲಿಲ್ಲ, ಈಗಲೂ ಬೇಜಾರಿದೆ.

ನೀವೂ ಉಜ್ಜಿ ಮೂಸಿ ನೋಡಿ. ಕಮಟು ಬಂದರೆ ಕೋಳಿಗೂ ಹಾಕಬೇಡಿ. ಹೊಸ ಪೆಲೆಟ್ (ಕಾಳಿನಂಥ ಸಿದ್ಧ ಮೇವು) ತನ್ನಿ, ತಿಂಗಳಿಗೆ ಆಗುವಷ್ಟೇ. ತಂಪು ಕತ್ತಲೆ ಜಾಗದಲ್ಲಿ ಮುಚ್ಚಿಡಿ. ಹಳೇ ಮೇವಿನಲ್ಲಿ ವಿಟಮಿನ್ ಸಿ ಕೂಡ ಇಳಿದುಹೋಗಿರುತ್ತದೆ. ಮೆಡಿಕಲ್ ಶಾಪಿನ 400 ಮಿ.ಗ್ರಾಂ ವಿಟಮಿನ್ ಇ ಕ್ಯಾಪ್ಸೂಲ್ ಒಂದನ್ನು ಚುಚ್ಚಿ, ಒಂದು ಚಮಚ ಹೊಸ ಎಣ್ಣೆಯಲ್ಲಿ ಕಲಸಿ, ಎರಡು ಕೆಜಿ ಪೆಲೆಟ್‌ಗೆ ಸವರಿದರೆ ಸಾಕು. ವಿಟಮಿನ್ ಇ ಜೊತೆ ಕೆಲಸ ಮಾಡುವ ಖನಿಜ ಅಂತ ಸೆಲೆನಿಯಂ ಪುಡಿ ಮನೆಯಲ್ಲಿ ಬೆರೆಸಲು ಹೋಗಬೇಡಿ. ಬೇಕಾದದ್ದಕ್ಕೂ ವಿಷವಾಗುವುದಕ್ಕೂ ತುಂಬಾ ಕಡಿಮೆ ಅಂತರ. ಟಾನಿಕ್ ನೀರಿಗೆ ಸುರಿದರೆ ಸುಮ್ನೆ ದುಡ್ಡು ದಂಡ, ನೀರೂ ಕೆಡುತ್ತದೆ.

ಇನ್ನೊಂದು, ರಾತ್ರಿ ಏರ್ ಪಂಪ್ ಆಫ್ ಮಾಡುತ್ತೇನೆ ಅಂದಿರಿ. ಹಾಗೆ ಆಫ್ ಮಾಡುವುದನ್ನು ಇವತ್ತೇ ಬಿಡಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದ್ದು 7.5 ಅಷ್ಟೇ. ಪಾಚಿ ತುಂಬಿದ ಹಸಿರು ನೀರಿನಲ್ಲಿ ಬೆಳಗಿನ ಜಾವಕ್ಕೆ ಅದೂ ಇಳಿದಿರುತ್ತದೆ. ಉಸಿರುಗಟ್ಟಿದ ಮೀನಿಗೆ ಒಮ್ಮೆಲೇ ಗಾಳಿ ಸಿಕ್ಕಾಗ ಜೀವಕೋಶದೊಳಗೆ ಆ ಕೆರಳಿದ ಆಮ್ಲಜನಕ ಇನ್ನೂ ಜಾಸ್ತಿ ಹುಟ್ಟುತ್ತದೆ. ದಿನಾ ಹಾಗಾದರೆ ಹರೆಯದ ಮೀನೂ ಸೋಲುತ್ತದೆ.

ಮೇವು ಚೆನ್ನಾಗಿಯೇ ಇದ್ದರೆ ಹುಳುವಿನ ಕಾಟ ಇರಬಹುದು, ಮೀನಿನ ಟಿಬಿಯೂ ಇರಬಹುದು. ಆ ಟಿಬಿ ಗಾಯದ ಮೂಲಕ ನಮಗೂ ಅಂಟಬಹುದು, ಗಾಯದ ಕೈಯನ್ನು ತೊಟ್ಟಿಗೆ ಹಾಕಬೇಡಿ, ಮೀನಿನ ಡಾಕ್ಟರಿಗೆ ತೋರಿಸಿ. ನಾಳೆ ಬೆಳಿಗ್ಗೆ ಮೇಲಿನಿಂದ ಒಂದು ಫೋಟೋ ತೆಗೆದು ಇಲ್ಲೇ ಹಾಕಿ, ಬೆನ್ನು ಕಾಣುವ ಹಾಗೆ. ಮೂಟೆ ಯಾವ ತಿಂಗಳಿನದು ಅಂತಲೂ ತಿಳಿಸಿ.