ಮಾತನಾಡಲಾಗದ ಹುಡುಗಿಯ ಕಾದಂಬರಿಯನ್ನು ಏಳನೇ ತರಗತಿಗೆ ಹೇಗೆ ಪಾಠ ಮಾಡುವುದು?

ಮಂಡ್ಯದ ಸಮೀಪದ ಶಾಲೆಯಲ್ಲಿ ಏಳನೇ ತರಗತಿಗೆ ಇಂಗ್ಲಿಷ್ ಕಲಿಸುವ ನೀವು ಶ್ಯಾರನ್ ಡ್ರೇಪರ್ ಅವರ ‘ಔಟ್ ಆಫ್ ಮೈ ಮೈಂಡ್’ ಕಾದಂಬರಿಯನ್ನು ಓದಿಸಬೇಕೆಂದಿದ್ದೀರಿ. ಆದರೆ ತರಗತಿಯಲ್ಲಿ ಮಾತು ಸ್ಪಷ್ಟವಿಲ್ಲದ ಹುಡುಗನೊಬ್ಬನಿರುವುದರಿಂದ ಅವನಿಗೆ ನೋವಾದೀತೇ ಎಂದು ಕೇಳಿದ್ದೀರಿ. ಮೈಸೂರಿನ ಒಂದು ಅನುದಾನಿತ ಶಾಲೆಯಲ್ಲಿ ಇದನ್ನು ನಾಲ್ಕು ವರ್ಷ ಪಾಠ ಮಾಡಿರುವ ನಾನು ಹೇಳುವುದಿಷ್ಟು: ಖಂಡಿತ ಓದಿಸಿ. ಮೊದಲ ಪುಟ ತೆರೆಯುವ ಮುನ್ನ ಆ ಹುಡುಗನೊಂದಿಗೆ ಪ್ರತ್ಯೇಕವಾಗಿ ಕುಳಿತು, ಕಥೆ ಏನೆಂದು ತಿಳಿಸಿ, ಅವನ ಅಭಿಪ್ರಾಯ ಕೇಳಿ. ಅವನ ತಂದೆತಾಯಿಯನ್ನೂ ಕೇಳಿ, ಆದರೆ ಅವನ ಬದಲಿಗೆ ಅವರನ್ನು ಕೇಳಬೇಡಿ. ಪಾಠದ ನಡುವೆ ಎಲ್ಲರ ಕಣ್ಣು ಅವನತ್ತ ತಿರುಗುವಂಥ ಒಂದು ಮಾತೂ ನಿಮ್ಮಿಂದ ಬರಬಾರದು. ತಾನಾಗಿ ಏನಾದರೂ ಹೇಳಲು ಮುಂದಾದರೆ ಅದು ಅವನ ಇಷ್ಟ.

2010ರಲ್ಲಿ ಪ್ರಕಟವಾದ ಈ ಅಮೆರಿಕನ್ ಕಾದಂಬರಿಯ ಮೆಲೊಡಿಗೆ ಇನ್ನೇನು ಹನ್ನೊಂದು ತುಂಬಲಿದೆ. ಮಿದುಳಿನ ಪಾರ್ಶ್ವವಾಯುವಿನಿಂದಾಗಿ (ಸೆರೆಬ್ರಲ್ ಪಾಲ್ಸಿ) ಅವಳು ನಡೆಯಲಾರಳು, ಒಂದು ಮಾತನ್ನೂ ಆಡಲಾರಳು. ಆದರೆ ಕೇಳಿದ್ದೆಲ್ಲವೂ ಅವಳಿಗೆ ಅರ್ಥವಾಗುತ್ತದೆ, ನೆನಪಿನಲ್ಲಿ ಉಳಿಯುತ್ತದೆ. ಮೊದಲ ಅಧ್ಯಾಯ ಮುಗಿಯುತ್ತಿದ್ದಂತೆ ನನ್ನ ವಿದ್ಯಾರ್ಥಿಗಳು ‘ಅಯ್ಯೋ ಪಾಪ’ ಎಂದರು. ನಮ್ಮ ಕಡೆ ಈ ‘ಪಾಪ’ ಬಹಳ ಬೇಗ ಬಾಯಿಗೆ ಬರುತ್ತದೆ. ಅದನ್ನು ಹೇಳಿಬಿಟ್ಟರೆ ಇನ್ನು ಯೋಚಿಸುವುದೇನೂ ಉಳಿದಿಲ್ಲವೆಂಬ ಸಮಾಧಾನವೂ ಜೊತೆಗೇ ಬರುತ್ತದೆ. ಆದ್ದರಿಂದ ಪ್ರತಿ ಅಧ್ಯಾಯದ ಕೊನೆಗೆ ನಾನು ಒಂದೇ ಪ್ರಶ್ನೆ ಕೇಳತೊಡಗಿದೆ: ‘ಇಲ್ಲಿ ಅವಳು ಹೇಳಲು ಹೊರಟಿದ್ದನ್ನು ಯಾರು ಗ್ರಹಿಸಲಿಲ್ಲ, ಏಕೆ?’ ಬಟ್ಟಲಿನಿಂದ ಹೊರಗೆ ಹಾರಿದ ಮೀನಿಗೆ ನೀರು ಸಿಗಲೆಂದು ಮೆಲೊಡಿ ಬಟ್ಟಲನ್ನೇ ಉರುಳಿಸುತ್ತಾಳೆ. ಬಂದು ನೋಡಿದ ತಾಯಿ, ಮಗಳು ಬೇಕೆಂದೇ ಬೀಳಿಸಿದಳೆಂದು ಗದರುತ್ತಾಳೆ. ಪ್ರೀತಿಯಿರುವವರೂ ಹೀಗೆ ತಪ್ಪು ತಿಳಿಯಬಲ್ಲರೆಂಬುದನ್ನು ಮಕ್ಕಳಿಗೆ ನಾನು ವಿವರಿಸಬೇಕಾಗಲಿಲ್ಲ. ತಮ್ಮ ಮನೆಗಳಲ್ಲಿ ಹಾಗಾದದ್ದನ್ನು ಅವರು ಒಂದು ಪೀರಿಯಡ್ ಪೂರ್ತಿ ಹೇಳಿಕೊಂಡರು.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಅರ್ಧ ಗಂಟೆ ಯಾರೂ ಮಾತನಾಡದೆ, ಕೈ ಕಟ್ಟಿಕೊಂಡು ‘ಮೆಲೊಡಿಯಂತೆ’ ಇರಬೇಕೆಂದು ಹೇಳಿದೆ. ಮಕ್ಕಳು ಕಿಸಕ್ಕನೆ ನಕ್ಕರು, ಕೆಲವರು ಕೈಕಾಲು ಸೊಟ್ಟ ಮಾಡಿ ಅಣಕಿಸಿದರು. ಮನೆಯಲ್ಲಿ ಅಂಥ ತಮ್ಮನಿರುವ ಹುಡುಗಿಯೊಬ್ಬಳು ಮರುದಿನ ನೋಟ್‌ಬುಕ್ಕಿನಲ್ಲಿ ‘ಸರ್, ನನ್ನ ತಮ್ಮನಿಗೆ ಅದು ಆಟವಲ್ಲ’ ಎಂದು ಬರೆದು ಕೊಟ್ಟಳು. ಆ ಚಟುವಟಿಕೆಯನ್ನು ನಾನು ಮತ್ತೆ ಮಾಡಿಸಿಲ್ಲ, ನೀವೂ ಮಾಡಿಸಬೇಡಿ.

ಬದಲಿಗೆ ರಟ್ಟಿನ ಮೇಲೆ ಒಂದು ಸಂವಹನ ಫಲಕ ಮಾಡಿಸಿ. ಮೆಲೊಡಿ ಮಾತಿನ ಯಂತ್ರ ಸಿಗುವವರೆಗೂ ಗಾಲಿಕುರ್ಚಿಯ ಫಲಕದ ಮೇಲಿನ ಪದಗಳಿಗೆ ಹೆಬ್ಬೆರಳು ತೋರಿಸಿಯೇ ಮನಸ್ಸಿನದನ್ನು ತಿಳಿಸಬೇಕಿತ್ತು. ಅವಳದು 26 ಅಕ್ಷರಗಳ ಭಾಷೆ. ನಮ್ಮ ಫಲಕವನ್ನು ಕನ್ನಡದಲ್ಲಿ ಮಾಡಲು ಕುಳಿತಾಗಲೇ ಪಾಠ ನಿಜವಾಗಿ ಆರಂಭವಾಯಿತು. ವರ್ಣಮಾಲೆಯ 49 ಅಕ್ಷರಗಳನ್ನು ಬರೆದರೆ ಸಾಲದು, ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ದಾರಿ ಬೇಕು. ಮೂರೇ ಅಕ್ಷರವೆಂದುಕೊಂಡಿದ್ದ ‘ಮೈಸೂರು’ ಎಂಬ ಹೆಸರಿಗೆ ಮೂರು ವ್ಯಂಜನ, ಮೂರು ಸ್ವರಚಿಹ್ನೆ ಸೇರಿ ಆರು ಸಲ ಬೆರಳಿಡಬೇಕೆಂದು ಮಕ್ಕಳೇ ಲೆಕ್ಕ ಹಾಕಿದರು. ಹಾಗಾದರೆ ಇಡಿಯಾಗಿ ಬರೆಯಬೇಕಾದ ಪದಗಳು ಯಾವುವು? ಬೇಕು, ಬೇಡ, ಸಾಕು, ಇದೆ, ಇಲ್ಲ, ನೋವು ಇವು ಬಂದವು. ಅಜ್ಜಿಯೊಡನೆ ಹೇಗೆ, ಗೆಳೆಯನೊಡನೆ ಹೇಗೆ ಎಂಬ ಚರ್ಚೆ ಎದ್ದು ‘ನೀವು’, ‘ನೀನು’ ಎರಡೂ ಸೇರಿದವು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸರ್, ನಾನು ಹೇಳಿದ್ದು ಅದಲ್ಲ ಅನ್ನೋದು ಬೇಕು’ ಎಂದ. ಮೀನಿನ ಪ್ರಸಂಗವನ್ನು ಅವನಷ್ಟು ಚೆನ್ನಾಗಿ ನಾನು ಅರ್ಥಮಾಡಿಕೊಂಡಿರಲಿಲ್ಲ.

ಆ ಬಳಿಕ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರು ಫಲಕದಿಂದ ಹೇಳುವಾಗ ಇನ್ನೊಬ್ಬರು ಮಾತು ಮುಗಿಯುವವರೆಗೂ ಕಾಯಬೇಕು, ಅರ್ಧ ಪದ ನೋಡಿ ಪೂರ್ತಿ ಮಾಡಬಾರದು ಎಂದು ನಿಯಮ ಮಾಡಿದೆ. ಬೆರಳಿಡುವವರಿಗಿಂತ ಕಾಯುವವರಿಗೇ ಕಷ್ಟವಾಯಿತು. ಇಲ್ಲಿ ಯಾರೂ ಯಾರನ್ನೂ ನಟಿಸುವುದಿಲ್ಲ, ಕೇಳುವುದನ್ನು ಮಾತ್ರ ಕಲಿಯುತ್ತಾರೆ. ನಿಮ್ಮ ಆ ಹುಡುಗನೂ ಎಲ್ಲರಂತೆ ಇದರಲ್ಲಿ ಸೇರಬಹುದು.

ಮೆಲೊಡಿಗೆ ಸಿಕ್ಕಂಥ ಮಾತಿನ ಯಂತ್ರಗಳು ಅಮೆರಿಕದಲ್ಲಿ ಮಾತ್ರವೇ ಎಂದು ಮಕ್ಕಳು ಕೇಳುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಮಾತಿನ ತೊಂದರೆಯಿರುವವರಿಗೆ ನೆರವಾಗುತ್ತಿದೆಯೆಂದು ಹೇಳಿ. ಪಠ್ಯಕ್ರಮದಲ್ಲಿಲ್ಲದ ಇದು ಏಕೆಂದು ಮುಖ್ಯೋಪಾಧ್ಯಾಯರು ಕೇಳಿದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದೆಂದು, ಎಲ್ಲರನ್ನೂ ಒಳಗೊಂಡ ಶಿಕ್ಷಣವನ್ನು ಅದೇ ಕಾಯ್ದೆ ಕೇಳುತ್ತದೆಂದು ತಿಳಿಸಬಹುದು.

ಕೊನೆಯ ಭಾಗವನ್ನು ಮೃದುಗೊಳಿಸಬೇಡಿ. ಕ್ವಿಜ್ ತಂಡದಲ್ಲಿ ಸ್ಥಾನ ಗಳಿಸಿದ ಮೆಲೊಡಿಯನ್ನು ಬಿಟ್ಟು ತಂಡ ವಿಮಾನ ಹತ್ತಿಬಿಡುತ್ತದೆ. ನನ್ನ ತರಗತಿ ಸಿಟ್ಟಾಯಿತು; ‘ಒಬ್ಬರಾದರೂ ಫೋನ್ ಮಾಡಬಾರದಿತ್ತೇ?’ ಎಂದರು. ಕಳೆದ ವರ್ಷ ರಂಗನತಿಟ್ಟಿಗೆ ಪ್ರವಾಸ ಹೋದಾಗ ನಮ್ಮ ಬಸ್ಸಿನಲ್ಲಿ ಯಾರಿರಲಿಲ್ಲ ಎಂದು ಆಗ ನಾನು ಕೇಳಿದೆ. ಉತ್ತರ ಬರಲು ಬಹಳ ಹೊತ್ತು ಹಿಡಿಯಿತು.

ಅದಕ್ಕೂ ಮುಂಚೆ ಬರುವ ಇನ್ನೊಂದು ಪ್ರಸಂಗವನ್ನು ನೀವು ಮನೆಯಲ್ಲಿ ಒಬ್ಬರೇ ಎರಡು ಸಲ ಓದಿಕೊಳ್ಳಿ. ಅಭ್ಯಾಸದ ಕ್ವಿಜ್‌ನಲ್ಲಿ ಮೆಲೊಡಿ ಎಲ್ಲಕ್ಕೂ ಸರಿಯುತ್ತರ ಕೊಟ್ಟಾಗ ಶಿಕ್ಷಕರು, ಅವಳೇ ಗೆಲ್ಲುವುದಾದರೆ ತಮ್ಮ ಪ್ರಶ್ನೆಗಳು ಸಾಕಷ್ಟು ಕಠಿಣವಿರಲಿಕ್ಕಿಲ್ಲ ಎನ್ನುತ್ತಾರೆ. ಅವಳು ಅಲ್ಲಿಯೇ ಕುಳಿತು ಕೇಳಿಸಿಕೊಳ್ಳುತ್ತಿರುತ್ತಾಳೆ. ಆ ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವಾಗ ಪ್ರತಿ ವರ್ಷವೂ ನನ್ನ ದನಿ ತಡವರಿಸಿದೆ. ಅದನ್ನು ಬೆಲ್ಲಿನ ಸಮಯಕ್ಕೆ ಸಿಕ್ಕಿಸದೆ, ಅದಕ್ಕೆಂದೇ ಒಂದು ಪೂರ್ತಿ ಪೀರಿಯಡ್ ಇಟ್ಟುಕೊಳ್ಳಿ.